ಎರಡು ಸಾವಿರ ಸಲ ಬಿದ್ದು ಹತ್ತಿದ ಬೆಟ್ಟ: ‘ಸೆಲೆಸ್ಟ್’ ಆಟದ ವಿಮರ್ಶೆ

‘ಸೆಲೆಸ್ಟ್’ ಆಟವನ್ನು ಮೊದಲ ಸಲ ಮುಗಿಸಿದ ದಿನ ಅದು ತೋರಿಸಿದ ಲೆಕ್ಕದ ಪ್ರಕಾರ ನಾನು 2,614 ಸಲ ಸತ್ತಿದ್ದೆ. ಬೇರೆ ಆಟಗಳಲ್ಲಿ ಇಪ್ಪತ್ತನೆಯ ಸೋಲಿಗೇ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿ ಎದ್ದು ಹೋಗುವ ಸ್ವಭಾವ ನನ್ನದು. ಇಲ್ಲಿ ಹಾಗೆ ಒಮ್ಮೆಯೂ ಮಾಡಲಿಲ್ಲವೆಂಬುದು ನನಗೇ ಆಶ್ಚರ್ಯ ತಂದ ಸಂಗತಿ. ವಿಡಿಯೊ ಗೇಮು ಕಠಿಣವಾಗಿರಬೇಕೋ ಸುಲಭವಾಗಿರಬೇಕೋ ಎಂಬ ಜಗಳ ಬಹಳ ಹಳೆಯದು, ಅದರಲ್ಲಿ ನಾನು ಮೊದಲಿನಿಂದಲೂ ಕಠಿಣದ ಪಕ್ಷದವನು. ಈಗಲೂ ಪಕ್ಷ ಬದಲಿಸಿಲ್ಲ. ಆದರೆ ಸೋತವನಿಂದ ಆಟ ಏನನ್ನು ವಸೂಲಿ ಮಾಡುತ್ತದೆ ಎಂಬುದನ್ನು ನೋಡದೆ ಕಷ್ಟ–ಸುಲಭದ ಮಾತಾಡುವುದು ವ್ಯರ್ಥವೆಂದು ಈ ಆಟ ಆಡಿದ ಮೇಲೆ ಅನಿಸಿದೆ.

ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಎಂಬಿಬ್ಬರು ಕೆನಡಾದಲ್ಲಿ ಕುಳಿತು, ಬ್ರೆಜಿಲ್ಲಿನ ಚಿತ್ರಕಾರರನ್ನೂ ಸಂಗೀತಕ್ಕೆ ಲೀನಾ ರೇನ್ ಅವರನ್ನೂ ಜೊತೆಗೂಡಿಸಿಕೊಂಡು ಮಾಡಿದ ಈ ಆಟ 2018ರ ಜನವರಿಯಲ್ಲಿ ಬಿಡುಗಡೆಯಾಯಿತು. ಮ್ಯಾಡಲೀನ್ ಎಂಬ ಹುಡುಗಿ, ಆತಂಕವನ್ನೂ ಖಿನ್ನತೆಯನ್ನೂ ಬೆನ್ನಿಗೆ ಕಟ್ಟಿಕೊಂಡವಳು, ಸೆಲೆಸ್ಟ್ ಎಂಬ ಬೆಟ್ಟವನ್ನು ಹತ್ತಲು ಹೊರಡುತ್ತಾಳೆ, ಕಥೆ ಇಷ್ಟೇ. ಅವಳಿಗೆ ಗೊತ್ತಿರುವ ವಿದ್ಯೆಗಳೂ ಮೂರೇ: ಜಿಗಿಯುವುದು, ಗೋಡೆಯನ್ನು ಹಿಡಿದು ಹತ್ತುವುದು, ಮತ್ತು ಗಾಳಿಯಲ್ಲಿರುವಾಗ ಎಂಟು ದಿಕ್ಕುಗಳಲ್ಲಿ ಯಾವುದಾದರೊಂದಕ್ಕೆ ಒಂದೇ ಒಂದು ಸಲ (ಶಿಖರದ ಅಧ್ಯಾಯದಲ್ಲಿ ಎರಡು ಸಲ) ಚಿಮ್ಮುವುದು. ಚಿಮ್ಮುವ ಶಕ್ತಿ ಉಳಿದಿದ್ದರೆ ಅವಳ ಕೂದಲು ಕೆಂಪಾಗಿರುತ್ತದೆ, ಮುಗಿದಿದ್ದರೆ ನೀಲಿಯಾಗುತ್ತದೆ. ಮೂಲೆಯಲ್ಲಿ ಅಂಕಿಗಳಿಲ್ಲ, ಪಟ್ಟಿಗಳಿಲ್ಲ. ಆಟಗಾರ ಹೇಗೂ ಅವಳನ್ನೇ ನೋಡುತ್ತಿರುತ್ತಾನೆ, ಹಾಗಾಗಿ ತಿಳಿಯಬೇಕಾದದ್ದನ್ನು ಅವಳ ತಲೆಯ ಮೇಲೆಯೇ ಬರೆದಿಟ್ಟಿದ್ದಾರೆ.

ಒಂದು ಸೋಲು ಹೇಗಿರುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಏಳನೆಯ ಅಧ್ಯಾಯದಲ್ಲಿ ಶಿಖರದ ಕೊನೆಯ ಏರಿನುದ್ದಕ್ಕೂ 30ರಿಂದ ಕೆಳಮುಖವಾಗಿ ಎಣಿಸುವ ಬಾವುಟಗಳನ್ನು ನೆಟ್ಟಿದ್ದಾರೆ. ಹತ್ತರ ಆಸುಪಾಸಿನ ಒಂದು ಪರದೆಯಲ್ಲಿ ನಾನು ಮುಕ್ಕಾಲು ಗಂಟೆ ಕಳೆದೆ. ಗೋಡೆಯಿಂದ ಜಿಗಿದು, ಬಲಕ್ಕೆ ಓರೆಯಾಗಿ ಎರಡು ಸಲ ಚಿಮ್ಮಿ, ಗಾಳಿಯಲ್ಲಿ ತೂಗುವ ಹಸಿರು ಹರಳನ್ನು ಮುಟ್ಟಿ ಕಳೆದ ಶಕ್ತಿಯನ್ನು ಮರಳಿ ಪಡೆದು, ಕೆಳಗೆ ಬೀಳುವ ಮೊದಲೇ ನೇರ ಮೇಲಕ್ಕೆ ಚಿಮ್ಮಬೇಕು. ಮೊದಲ ಹತ್ತು ಸಲ ಹರಳೇ ಸಿಗಲಿಲ್ಲ. ಆಮೇಲೆ ಹರಳು ಸಿಕ್ಕಿತು, ಬೆರಳು ತಡವಾಯಿತು. ಆಮೇಲೆ ಎರಡೂ ಕೂಡಿ ಬಂದವು, ಕೂದಲೆಳೆಯ ಅಂತರದಲ್ಲಿ ಮುಳ್ಳು ತಾಗಿತು. ಪ್ರತಿ ಸಲವೂ ಮ್ಯಾಡಲೀನ್ ಬಣ್ಣದ ಚುಕ್ಕೆಗಳಾಗಿ ಸಿಡಿದು, ರೆಪ್ಪೆ ಬಡಿಯುವಷ್ಟರಲ್ಲಿ ಅದೇ ಪರದೆಯ ಆರಂಭದಲ್ಲಿ ಮತ್ತೆ ನಿಂತಿರುತ್ತಿದ್ದಳು. ‘ಆಟ ಮುಗಿಯಿತು’ ಎಂಬ ಫಲಕವಿಲ್ಲ, ಮೂರೇ ಜೀವಗಳೆಂಬ ಎಣಿಕೆಯಿಲ್ಲ, ದಾಟಿ ಬಂದ ಪರದೆಗಳನ್ನು ಮತ್ತೆ ದಾಟುವ ಶಿಕ್ಷೆಯಿಲ್ಲ, ಸಂಗೀತ ಕೂಡ ನಿಲ್ಲುವುದಿಲ್ಲ. ತಪ್ಪು ಮಾಡಿದ ಬೆರಳಿಗೆ ತಪ್ಪಿನ ನೆನಪು ಇನ್ನೂ ಬಿಸಿಯಾಗಿರುವಾಗಲೇ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ಸಂಗೀತದ ಮೇಷ್ಟ್ರು ತಪ್ಪಿದ ಸ್ವರದಿಂದಲೇ ಮತ್ತೆ ಹಾಡಿಸುವ ಹಾಗೆ. ತಪ್ಪಿದ್ದಕ್ಕೆಲ್ಲ ಗೀತೆಯ ಮೊದಲಿಗೆ ಕಳಿಸುತ್ತಿದ್ದರೆ ಎಷ್ಟು ಮಕ್ಕಳು ಪಾಠಕ್ಕೆ ಉಳಿಯುತ್ತಿದ್ದರು?

ಆಟಗಾರನ ಕಣ್ಣಿಗೆ ಬೀಳದ ಔದಾರ್ಯವೂ ಇಲ್ಲಿ ಬೇಕಾದಷ್ಟಿದೆ. ಕಟ್ಟೆಯ ಅಂಚನ್ನು ದಾಟಿ ಕಾಲು ಗಾಳಿಗೆ ಬಿದ್ದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ಜಿಗಿತದ ಗುಂಡಿ ಕೆಲಸ ಮಾಡುತ್ತದೆ. ನೆಲ ಮುಟ್ಟುವುದಕ್ಕಿಂತ ಕ್ಷಣ ಮೊದಲೇ ಗುಂಡಿ ಒತ್ತಿಬಿಟ್ಟರೆ ಆಟ ಅದನ್ನು ನೆನಪಿಟ್ಟುಕೊಂಡು, ಕಾಲು ನೆಲಕ್ಕೆ ತಾಗಿದ ಕೂಡಲೇ ಜಿಗಿಸುತ್ತದೆ. ಚಿಮ್ಮುವಾಗ ತಲೆ ಮೂಲೆಗೆ ಸ್ವಲ್ಪವೇ ತಗುಲುವಂತಿದ್ದರೆ ಅವಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ದಾಟಿಸಿಬಿಡುತ್ತದೆ. ಮುಳ್ಳು ಚಾಚಿಕೊಂಡಿರುವ ದಿಕ್ಕಿಗೇ ಚಲಿಸುತ್ತಿರುವವಳನ್ನು ಆ ಮುಳ್ಳು ಕೊಲ್ಲುವುದಿಲ್ಲ. ಇವನ್ನೆಲ್ಲ ಥಾರ್ಸನ್ ಅವರೇ ಬಹಿರಂಗವಾಗಿ ವಿವರಿಸಿದ್ದಾರೆ. ಅದನ್ನು ಓದಿದಾಗ ನನ್ನ ಕೈಚಳಕದ ಬಗ್ಗೆ ನನಗಿದ್ದ ಅಭಿಮಾನ ಅರ್ಧಕ್ಕರ್ಧ ಇಳಿದುಹೋಯಿತೆಂದು ಒಪ್ಪಿಕೊಳ್ಳಬೇಕು. ಕಠಿಣವೆಂದು ಹೆಸರಾದ ಆಟವೊಂದು ನಮ್ಮ ಬೆನ್ನ ಹಿಂದೆ ಇಷ್ಟೊಂದು ಸಹಾಯ ಮಾಡುತ್ತಿತ್ತು!

ನನ್ನ ಪೀಳಿಗೆಯವರು ಕಂಡ ಕಷ್ಟ ಬೇರೆ ಬಗೆಯದು. ಬಸ್ ನಿಲ್ದಾಣದ ಹಿಂದಿನ ವಿಡಿಯೊ ಗೇಮ್ ಪಾರ್ಲರಿನಲ್ಲಿ ಒಂದು ರೂಪಾಯಿಯ ನಾಣ್ಯ ಹಾಕಿದರೆ ಎರಡು ನಿಮಿಷಕ್ಕೆ ಆಟ ಮುಗಿಯುತ್ತಿತ್ತು. ಮುಗಿಯದಿದ್ದರೆ ಯಂತ್ರದ ಮಾಲೀಕನಿಗೆ ಮುಂದಿನ ನಾಣ್ಯ ಬರುವುದೆಲ್ಲಿಂದ? ಆ ಯಂತ್ರಗಳ ಕಾಠಿಣ್ಯದ ಹಿಂದೆ ಕಲೆ ಎಷ್ಟಿತ್ತೋ ವ್ಯಾಪಾರವೂ ಅಷ್ಟೇ ಇತ್ತು. ಮುಂದೆ ಅದೇ ಆಟಗಳು ಹಳದಿ ಕ್ಯಾಸೆಟ್‌ಗಳಲ್ಲಿ ಮನೆಯ ಟಿವಿಗೆ ಬಂದಾಗ ನಾಣ್ಯದ ಡಬ್ಬಿ ಹಿಂದೆ ಉಳಿಯಿತು, ಕಾಠಿಣ್ಯ ಮಾತ್ರ ಜೊತೆಗೇ ಬಂತು. ‘ಕಾಂಟ್ರಾ’ದಲ್ಲಿ ಮೂರು ಜೀವಗಳನ್ನು ಮೂವತ್ತು ಮಾಡುವ ಗುಂಡಿಗಳ ಸರಣಿಯನ್ನು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಎಂದು, ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದವರು ಈಗಲೂ ಸಿಗುತ್ತಾರೆ. ಆ ಸರಣಿ ಹುಟ್ಟಿದ್ದು ‘ಗ್ರೇಡಿಯಸ್’ ಆಟವನ್ನು 1986ರಲ್ಲಿ ಮನೆಯ ಯಂತ್ರಕ್ಕೆ ಹೊಂದಿಸುವಾಗ. ಅದನ್ನು ಸೇರಿಸಿದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಅವರಿಗೇ ತಾವು ಪರೀಕ್ಷಿಸಬೇಕಿದ್ದ ಆ ಆಟ ತೀರಾ ಕಷ್ಟವಾಗಿತ್ತು. ಮಾಡಿದವರೇ ಹಿಂಬಾಗಿಲು ಇಟ್ಟುಕೊಂಡಿದ್ದರೆಂದ ಮೇಲೆ, ಆ ಬಾಗಿಲಿನಿಂದ ಬಂದವರನ್ನು ಹಂಗಿಸುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಎದುರಾಗಿ ‘ಸೆಕಿರೊ’ ಎಂಬ ಜಪಾನಿ ಆಟವನ್ನು ನೆನೆಯಬಹುದು. 2019ರಲ್ಲಿ ಅದು ಬಂದಾಗ ಈ ಜಗಳ ಮತ್ತೊಮ್ಮೆ ಜೋರಾಯಿತು. ಅದರಲ್ಲಿ ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಗಳೇ ಇಲ್ಲ; ಎಲ್ಲ ಆಟಗಾರರೂ ಒಂದೇ ಸವಾಲನ್ನು ಎದುರಿಸಬೇಕೆಂಬುದು ನಿರ್ದೇಶಕ ಹಿದೆತಾಕ ಮಿಯಾಜಾಕಿ ಅವರ ನಿಲುವು. ಆ ನಿಲುವನ್ನು ನಾನು ಗೌರವಿಸುತ್ತೇನೆ, ಆ ಆಟದ ಕತ್ತಿವರಸೆಯ ಲಯವೂ ನನಗೆ ಬಹಳ ಇಷ್ಟ. ಆದರೆ ಸತ್ತಾಗ ಸಾಮಾನ್ಯವಾಗಿ ಕೈಯಲ್ಲಿದ್ದ ಹಣದಲ್ಲೂ ಗಳಿಸಿದ ಅನುಭವದಲ್ಲೂ ಅರ್ಧ ಹೋಗುತ್ತದೆ, ಮತ್ತೆ ಶುರುಮಾಡುವ ತಾಣವಾದ ಹಿಂದಿನ ವಿಗ್ರಹದಿಂದ ಮತ್ತೆ ನಡೆದು ಬರಬೇಕಾಗುತ್ತದೆ. ಕಷ್ಟದ ಮೇಲೆ ದಂಡ ಬೇರೆ. ದಂಡವಿದ್ದರೇ ಗೆಲುವಿಗೆ ಬೆಲೆ ಎನ್ನುವವರಿದ್ದಾರೆ. ಕೆಲಸ ಮುಗಿಸಿ ರಾತ್ರಿ ಒಂಬತ್ತೂವರೆಗೆ ಆಡಲು ಕೂರುವ ನನಗೆ ಆ ನಡಿಗೆಯಲ್ಲಿ ಯಾವ ಕಲಿಕೆಯೂ ಕಾಣುವುದಿಲ್ಲ.

ಇನ್ನು ‘ಸೆಲೆಸ್ಟ್’ನ ‘ಅಸಿಸ್ಟ್ ಮೋಡ್’, ಅಂದರೆ ಸಹಾಯದ ಸೌಲಭ್ಯ. ಸುಲಭ, ಕಠಿಣ ಎಂದು ಹಣೆಪಟ್ಟಿ ಹಚ್ಚುವ ಬದಲು ಇಲ್ಲಿ ಬಿಡಿಬಿಡಿಯಾದ ತಿರುಪುಗಳನ್ನು ಕೈಗೆ ಕೊಟ್ಟಿದ್ದಾರೆ. ಆಟದ ವೇಗವನ್ನು ಶೇಕಡಾ 100ರಿಂದ 50ರವರೆಗೆ ಹತ್ತು ಹತ್ತಾಗಿ ಇಳಿಸಬಹುದು. ಗೋಡೆ ಹಿಡಿದಾಗ ಕೈ ಸೋಲದಂತೆ ಮಾಡಬಹುದು. ಚಿಮ್ಮುವಿಕೆಯನ್ನು ಎರಡಕ್ಕೆ ಅಥವಾ ಲೆಕ್ಕವಿಲ್ಲದಷ್ಟಕ್ಕೆ ಏರಿಸಬಹುದು. ಸಾವೇ ಬಾರದಂತೆ ಮಾಡಬಹುದು. ಬೇಡವಾದ ಅಧ್ಯಾಯವನ್ನು ಹಾರಿಸಿಬಿಡಲೂಬಹುದು. ರಜೆಗೆ ಬಂದಿದ್ದ ನನ್ನ ಅಕ್ಕನ ಮಗನಿಗೆ ಹತ್ತು ವರ್ಷ. ಎರಡನೆಯ ಅಧ್ಯಾಯದಲ್ಲಿ ಮ್ಯಾಡಲೀನಳ ನೆರಳು ಅವಳದೇ ಹೆಜ್ಜೆಗಳನ್ನು ಅನುಸರಿಸಿ ಅಟ್ಟಿಸಿಕೊಂಡು ಬರುವಾಗ ಅವನು ಕೈಚೆಲ್ಲಿದ. ನಾನು ಉದಾರವಾಗಿ ಎಲ್ಲ ತಿರುಪುಗಳನ್ನೂ ಪೂರ್ತಿ ಬಿಚ್ಚಿ ಕೊಟ್ಟೆ. ಹುಡುಗ ಹದ್ದಿನ ಹಾಗೆ ಪರದೆಯಿಂದ ಪರದೆಗೆ ಹಾರಿಕೊಂಡು ಹೋದ, ಮೂರನೆಯ ಅಧ್ಯಾಯದ ಹಾಳು ಹೋಟೆಲಿನ ಹೊತ್ತಿಗೆ ಆಕಳಿಸಿ, “ಮಾಮ, ಇದರಲ್ಲಿ ಆಡೋದು ಎಲ್ಲಿ ಬರುತ್ತೆ?” ಎಂದು ಕೇಳಿದ. ಮರುದಿನ ಅವನೇ ಕುಳಿತು, ವೇಗ 70 ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಆರಿಸಿ ಮೊದಲಿನಿಂದ ಶುರುಮಾಡಿದ. ಊರಿಗೆ ಹೊರಡುವ ಹೊತ್ತಿಗೆ ಐದನೆಯ ಅಧ್ಯಾಯದಲ್ಲಿದ್ದ, ಸಾವಿನ ಲೆಕ್ಕವನ್ನು ಅಮ್ಮನಿಗೆ ಹೆಮ್ಮೆಯಿಂದ ತೋರಿಸುತ್ತಿದ್ದ. 70ರ ವೇಗದಲ್ಲಿ ಅವನಿಗೆ ಆಗುತ್ತಿದ್ದ ಕಷ್ಟ, 100ರ ವೇಗದಲ್ಲಿ ನನಗೆ ಆಗುತ್ತಿದ್ದ ಕಷ್ಟದಷ್ಟೇ ಇತ್ತೆಂದು ಅವನು ಹಲ್ಲು ಕಚ್ಚಿದ ರೀತಿಯಲ್ಲೇ ತಿಳಿಯುತ್ತಿತ್ತು.

ಈ ಸೌಲಭ್ಯವನ್ನು ಪರಿಚಯಿಸುವ ಮಾತುಗಳಲ್ಲಿ ಮೊದಲು ಒಂದು ಕೊಂಕಿತ್ತು: ಮೊದಲ ಸಲ ಇದಿಲ್ಲದೆಯೇ ಆಡುವುದು ಉತ್ತಮವೆಂಬ ಶಿಫಾರಸು. ಕೈ ಅಥವಾ ಕಣ್ಣಿನ ತೊಂದರೆಯಿಂದಾಗಿ ಇದು ಅನಿವಾರ್ಯವಾಗಿರುವವರಿಗೆ ಅದು ಎರಡನೆಯ ದರ್ಜೆಯ ಟಿಕೆಟ್ಟು ಕೊಟ್ಟಂತೆ ಕೇಳಿಸುತ್ತಿತ್ತು. ತಯಾರಕರು ನಂತರ ಆ ಮಾತುಗಳನ್ನು ತಿದ್ದಿದರು, ತಿದ್ದಿದ್ದು ಸರಿಯಾಯಿತು.

ಆಟದಲ್ಲಿ ಕೊರತೆಗಳಿಲ್ಲವೆಂದಲ್ಲ. ಐದನೆಯ ಅಧ್ಯಾಯದ ಕನ್ನಡಿ ದೇಗುಲದಲ್ಲಿ ದಾರಿ ಹುಡುಕುವ ಭಾಗ ಅನವಶ್ಯಕವಾಗಿ ಉದ್ದವಾಗಿದೆ. ಅಲ್ಲಿ ಆಗುವುದು ಬರೀ ಅಲೆದಾಟ. ಮುಖ್ಯ ಕಥೆ ಮುಗಿದ ಮೇಲೆ ಎಂಟನೆಯ ಅಧ್ಯಾಯಕ್ಕೆ ಹೋಗಬೇಕಾದರೆ ಅಡಗಿಸಿಟ್ಟ ಸ್ಫಟಿಕ ಹೃದಯಗಳನ್ನು ಹುಡುಕಿ ತರಬೇಕು, ಅವುಗಳ ಕೆಲವು ಒಗಟುಗಳನ್ನು ಸ್ವಂತ ಬುದ್ಧಿಯಿಂದ ಬಿಡಿಸಿದವರಿಗೆ ನನ್ನ ನಮಸ್ಕಾರ. ಕೌಶಲದ ಕಷ್ಟಕ್ಕೆ ಇಷ್ಟು ತಿರುಪುಗಳನ್ನು ಕೊಟ್ಟವರು ಒಗಟಿನ ಕಷ್ಟಕ್ಕೆ ಒಂದು ಸುಳಿವನ್ನಾದರೂ ಕೊಡಬಹುದಿತ್ತು. 2019ರಲ್ಲಿ ಉಚಿತವಾಗಿ ಸೇರಿಸಿದ ‘ಫೇರ್‌ವೆಲ್’ ಅಧ್ಯಾಯವಂತೂ ಮುಖ್ಯ ಆಟ ಎಲ್ಲಿಯೂ ಬೇಡದ ಕಸರತ್ತುಗಳನ್ನು ಬೇಡುತ್ತದೆ. ಶಿಖರ ಮುಟ್ಟಿದವರೆಲ್ಲ ಇದನ್ನೂ ದಾಟಬಹುದೆಂದು ಭಾವಿಸಿದರೆ ಭ್ರಮನಿರಸನ ಖಂಡಿತ. ಕನ್ನಡವೂ ಇಲ್ಲ. ನಾಲ್ಕನೆಯ ಅಧ್ಯಾಯದ ಕೊನೆಗೆ ಹಗ್ಗದ ಮೇಲೆ ಸಾಗುವ ತೂಗುತೊಟ್ಟಿಲು ನಡುದಾರಿಯಲ್ಲಿ ನಿಂತು ಮ್ಯಾಡಲೀನಳಿಗೆ ಉಸಿರು ಕಟ್ಟಿದಂತಾದಾಗ, ಗರಿಯೊಂದನ್ನು ಕಲ್ಪಿಸಿಕೊಂಡು ಉಸಿರಾಟದಿಂದ ಅದನ್ನು ತೇಲಿಸೆಂದು ಗೆಳೆಯ ಥಿಯೊ ಹೇಳಿಕೊಡುತ್ತಾನೆ. ಇಡೀ ಆಟದ ಮನಸ್ಸಿರುವುದೇ ಅಲ್ಲಿ, ಅದನ್ನು ಹುಡುಗನಿಗೆ ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಬೇಕಾಯಿತು.

ದಾರಿಯುದ್ದಕ್ಕೂ ಹರಡಿರುವ 175 ಸ್ಟ್ರಾಬೆರಿಗಳ ವಿಷಯದಲ್ಲಿ ಮಾತ್ರ ಆಟದ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ಇವು ಗೆಳೆಯರ ಮುಂದೆ ಜಂಬ ಕೊಚ್ಚುವುದಕ್ಕಷ್ಟೇ ಉಪಯೋಗ, ನಿಜವಾಗಿ ಬೇಕೆನಿಸಿದರೆ ಮಾತ್ರ ಆರಿಸಿಕೊಳ್ಳಿ ಎಂದು ಆಟವೇ ಮೊದಲಿಗೆ ಎಚ್ಚರಿಸುತ್ತದೆ. ಕೊನೆಯಲ್ಲಿ ಎಲ್ಲರೂ ಕೂತು ತಿನ್ನುವ ಸ್ಟ್ರಾಬೆರಿ ಕಡುಬಿನ ಅಂದ ಚಂದ ನೀವು ತಂದ ಹಣ್ಣುಗಳ ಲೆಕ್ಕವನ್ನು ಅವಲಂಬಿಸಿದೆ, ಅಷ್ಟೇ. ನನ್ನ ಕಡುಬು ಸುಮಾರಾಗಿತ್ತು.

ಕೊಳ್ಳಬೇಕೆಂದಿರುವವರಿಗೆ: ಇದು ಹಳೆಯ ಲ್ಯಾಪ್‌ಟಾಪಿನಲ್ಲೂ ತಡವರಿಸದೆ ನಡೆಯುತ್ತದೆ. ಕಂಟ್ರೋಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೀಬೋರ್ಡಿನಲ್ಲಿ ಆಡಬಹುದು. ನಾನು ಮುಗಿಸಿದ್ದು ಕೀಬೋರ್ಡಿನಲ್ಲೇ. ಕೈ ಕಣ್ಣು ಚುರುಕಾಗಿರುವವರು ಯಾವ ಸಹಾಯವನ್ನೂ ಹಾಕಿಕೊಳ್ಳದೆ ಶುರುಮಾಡಿ, ಒಂದೇ ಪರದೆ ಅರ್ಧ ಗಂಟೆ ಮೀರಿ ತಡೆದರೆ ಸಂಕೋಚಪಡದೆ ವೇಗವನ್ನು 90ಕ್ಕೋ 80ಕ್ಕೋ ಇಳಿಸಿಕೊಳ್ಳಲಿ. ಲೆಕ್ಕವಿಲ್ಲದ ಚಿಮ್ಮುವಿಕೆಯನ್ನು ಮಾತ್ರ, ಅದು ಅನಿವಾರ್ಯವಲ್ಲದವರು, ಮುಟ್ಟದಿರುವುದು ವಾಸಿ. ಅದನ್ನು ಹಾಕಿದರೆ ಬೆಟ್ಟವೇ ಉಳಿಯುವುದಿಲ್ಲ. ‘ಫೇರ್‌ವೆಲ್’ನಲ್ಲಿ ಮೂರು ಪರದೆಗಳನ್ನು ನಾನು 80ರ ವೇಗದಲ್ಲಿ ದಾಟಿದ್ದೇನೆ, ನಾಲ್ಕನೆಯದು ಇನ್ನೂ ಬಾಕಿಯಿದೆ.