ನೀರಿನ ಸಾಣೆಗೆ ಯಾವ ಚಕ್ರ: ಸಾಮಾನ್ಯ ಕಲ್ಲು, ಕರಿಗಲ್ಲು, ವಜ್ರ

ನೀರಿನಲ್ಲಿ ತಿರುಗುವ ಸಾಣೆ ಯಂತ್ರವನ್ನು ಹೊಸದಾಗಿ ಕೊಳ್ಳುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರದ ಜೊತೆಗೇ ಬರುವ ಅಲ್ಯೂಮಿನಿಯಂ ಆಕ್ಸೈಡಿನ ಸಾಮಾನ್ಯ ಕಲ್ಲನ್ನು ಸವೆಯುವವರೆಗೆ ಬಳಸಿ, ವಜ್ರದ ಚಕ್ರದ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ನನ್ನಲ್ಲಿರುವುದು ಮರಗೆಲಸದ ಉಳಿಗಳು, ಕೀಸುಳಿಯ ಅಲಗುಗಳು ಮತ್ತು ಅಡುಗೆಮನೆಯ ಚಾಕುಗಳು ಮಾತ್ರ. ಈ ಹೋಲಿಕೆಯೂ ಅಷ್ಟಕ್ಕೇ ಸೀಮಿತ.

ಒಣ ಸಾಣೆಯಿಂದ ಇತ್ತ ಬಂದ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. 150 ಮಿ.ಮೀ. ಚಕ್ರವೊಂದು ನಿಮಿಷಕ್ಕೆ 2,850 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ, ಉಳಿಯ ತುದಿ ಕ್ಷಣದಲ್ಲಿ ನೀಲಿಗಟ್ಟಿ ಉಕ್ಕು ಹದ ಕಳೆದುಕೊಳ್ಳುತ್ತದೆ. ನೀರಿನ ಯಂತ್ರದ 250 ಮಿ.ಮೀ. ಚಕ್ರ ನಿಮಿಷಕ್ಕೆ 90 ಸುತ್ತಿನಲ್ಲಿ ಸೆಕೆಂಡಿಗೆ 1.2 ಮೀಟರ್ ಕೂಡ ದಾಟುವುದಿಲ್ಲ.

ಈ ಬಗೆಯ ಯಂತ್ರಗಳಲ್ಲಿ ಹೆಸರಾದದ್ದು ಸ್ವೀಡನ್ನಿನ ಟಾರ್ಮೆಕ್. ನನ್ನ ಬಜೆಟ್ಟಿಗೆ ಅದು ನಿಲುಕದ್ದರಿಂದ ಅದೇ ಮಾದರಿಯಲ್ಲಿ ಬೇರೊಬ್ಬರು ತಯಾರಿಸಿದ ಅಗ್ಗದ ಯಂತ್ರವನ್ನು ಕೊಂಡೆ. ಮೋಟಾರಿನ ಬಗ್ಗೆ ದೂರಿಲ್ಲ. ತೊಂದರೆಯಿದ್ದದ್ದು ಜಿಗ್ (ಅಲಗನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಾಧನ) ಕೂರಿಸುವ 12 ಮಿ.ಮೀ. ದಪ್ಪದ ಆಧಾರದ ಸರಳಿನಲ್ಲಿ. ಸರಳಿನ ಎರಡು ಕಾಲುಗಳು ಇಳಿಯುವ ತೂತುಗಳನ್ನು ಕಾರ್ಖಾನೆಯಲ್ಲಿ ಕರಾರುವಾಕ್ಕಾಗಿ ಕೊರೆದಿರಲಿಲ್ಲ. ಹಾಗಾಗಿ ಸರಳು ಚಕ್ರದ ಅಚ್ಚಿಗೆ ಸಮಾನಾಂತರವಾಗಿ ನಿಲ್ಲದೆ ಒಂದು ಬದಿಗೆ ಕೂದಲೆಳೆಯಷ್ಟು ಇಳಿದಿರುತ್ತಿತ್ತು. ಕಣ್ಣಿಗೆ ಕಾಣದ ಈ ಓರೆ, ಅಗಲವಾದ ಕೀಸುಳಿ ಅಲಗನ್ನು ಸಾಣೆ ಹಿಡಿದು ಮೂಲೆಮಟ್ಟದ ಮೇಲಿಟ್ಟಾಗ ಸ್ಪಷ್ಟವಾಗಿ ಕಾಣುತ್ತಿತ್ತು. ಅಲಗಿನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ಚಕ್ರವನ್ನು ಕೈಯಿಂದ ಸ್ವಲ್ಪ ತಿರುಗಿಸಿ ನೋಡಿದರೆ ಒಂದು ಮೂಲೆಯ ಮಸಿ ಮಾತ್ರ ಅಳಿಸಿಹೋಗಿರುತ್ತಿತ್ತು.

ಇಲ್ಲಿಯೇ ಸಾಮಾನ್ಯ ಕಲ್ಲು ಗೆದ್ದಿತು. ಕಲ್ಲನ್ನು ಸಮಗೊಳಿಸಲು ವಜ್ರದ ಮೊನೆಯ ಉಪಕರಣವೊಂದಿದೆ. ಅದನ್ನು ಇದೇ ಸರಳಿನ ಮೇಲೆ ಕೂರಿಸಿ ಕಲ್ಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸರಿಸುತ್ತಾ ಹೋದರೆ ಕಲ್ಲಿನ ಮೈ ಸರಳಿಗೆ ಸಮಾನಾಂತರವಾಗುತ್ತದೆ. ಸರಳು ಓರೆಯಾಗಿದ್ದರೆ ಕಲ್ಲೂ ಅಷ್ಟೇ ಓರೆಯಾಗುತ್ತದೆ, ಆದರೆ ಉಳಿಯ ಜಿಗ್ ಕೂರುವುದೂ ಅದೇ ಸರಳಿನ ಮೇಲಾದ್ದರಿಂದ ಬಾಯಿ ನೇರವಾಗಿ ಬರುತ್ತದೆ. ಯಂತ್ರದ ದೋಷವನ್ನು ಕಲ್ಲು ತಾನೇ ಸವೆದು ಮುಚ್ಚಿಕೊಡುತ್ತದೆ.

ವಜ್ರದ ಚಕ್ರಕ್ಕೆ ಈ ಔದಾರ್ಯವಿಲ್ಲ. ಅದು ಲೋಹದ ಚಕ್ರದ ಮೇಲೆ ವಜ್ರದ ಹರಳುಗಳನ್ನು ಕೂರಿಸಿದ್ದು, ಕೆತ್ತಿ ಸಮಗೊಳಿಸುವಂತಿಲ್ಲ. ಗೆಳೆಯರೊಬ್ಬರ ಬಳಿಯಿದ್ದ 600 ದರ್ಜೆಯ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಚಕ್ರವನ್ನು ಅವರ ಅಸಲಿ ಟಾರ್ಮೆಕ್ಕಿನಲ್ಲಿ ಬಳಸಿದಾಗ ಮನಸೋತೆ ಎಂಬುದು ನಿಜ: ವ್ಯಾಸ ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ಹೊಂದಿಸಿದ ಕೋನವನ್ನು ಮತ್ತೆ ಮುಟ್ಟಬೇಕಾಗಿಲ್ಲ, ಕಿರಿದಾದ ಉಳಿ ಹಿಡಿದರೂ ಚಕ್ರದ ನಡುವೆ ಕೊರಕಲು ಬೀಳುವುದಿಲ್ಲ. ಅದೇ ಚಕ್ರವನ್ನು ನನ್ನ ಯಂತ್ರಕ್ಕೆ ಹಾಕಿದಾಗ ಅಲಗು ಪ್ರತಿಸಲವೂ ಓರೆಯಾಗಿಯೇ ಬಂತು. ಜಿಗ್ಗಿನಲ್ಲಿ ಅಲಗನ್ನೇ ವಾಲಿಸಿ ಕಟ್ಟಿ ಸರಿಪಡಿಸಬಹುದು, ಆದರೆ ಪ್ರತಿ ಅಲಗಿಗೂ ಆ ಸರ್ಕಸ್ ಮಾಡುವ ತಾಳ್ಮೆ ನನಗಿಲ್ಲ. ಮೇಲಾಗಿ ಒಂದು ಚಕ್ರದಲ್ಲಿ ಕೆಲಸ ಮುಗಿಯದು. ಒರಟು ಕೆಲಸಕ್ಕೆ 360, ನುಣುಪಿಗೆ 1200 ದರ್ಜೆಯದು ಬೇರೆಬೇರೆಯಾಗಿ ಬೇಕು, ನೀರಿಗೆ ತುಕ್ಕು ತಡೆಯುವ ದ್ರಾವಣವನ್ನೂ ಬೆರೆಸಬೇಕು. ಸಾಮಾನ್ಯ ಕಲ್ಲಿನ ಮೈಯನ್ನಾದರೋ ಎರಡು ಮುಖದ ಉಜ್ಜುಗಲ್ಲಿನಿಂದ 220 ದರ್ಜೆಯಿಂದ ಸುಮಾರು 1000ದವರೆಗೆ ಬದಲಿಸಿಕೊಳ್ಳಬಹುದು.

ಸಿಲಿಕಾನ್ ಕಾರ್ಬೈಡಿನ ಕರಿಗಲ್ಲು ಹೈಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಉಳಿಗಳಿಗೆ ಒಳ್ಳೆಯದು. ಲೇತ್ ಇಲ್ಲದ ನನಗೆ ಅದರಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ.

ಸಾಮಾನ್ಯ ಕಲ್ಲಿಗೂ ಕಾಟಗಳಿವೆ. ಮೊದಲ ಸಲ ನೀರು ತುಂಬಿಸಿದಷ್ಟೂ ಹೀರುತ್ತದೆ, ತೊಟ್ಟಿಯನ್ನು ಮತ್ತೆ ಮತ್ತೆ ತುಂಬಿಸಬೇಕು. ಕೆಲಸ ಮುಗಿದ ಮೇಲೆ ತೊಟ್ಟಿಯನ್ನು ಇಳಿಸದೆ ಬಿಟ್ಟರೆ ಮುಳುಗಿದ ಭಾಗ ಮಾತ್ರ ನೆನೆದು ಭಾರವಾಗುತ್ತದೆ. ಸಮಗೊಳಿಸಿದಾಗಲೆಲ್ಲ ವ್ಯಾಸ ಇಳಿಯುವುದರಿಂದ ಕೋನವನ್ನು ಹೊಸದಾಗಿ ಅಳೆಯಬೇಕು. ಮೇಜು ಒದ್ದೆಯಾಗುತ್ತದೆ.

ವಾರಾಂತ್ಯದಲ್ಲಷ್ಟೇ ಮರಗೆಲಸ ಮಾಡುವ ನನಗೆ 250 ಮಿ.ಮೀ. ಕಲ್ಲು ಸವೆದು, ಬದಲಿಸಬೇಕಾದ 180ಕ್ಕೆ ಇಳಿಯುವುದು ಬಹಳ ದೂರದ ಮಾತು. ಹಾಗಾಗಿ ಹೊಸಬರು ಕೈಯಲ್ಲಿ ಹಣವಿದ್ದರೆ ಮೊದಲು ಸಮಗೊಳಿಸುವ ಉಪಕರಣವನ್ನೂ ಆಮೇಲೆ ಉಜ್ಜುಗಲ್ಲನ್ನೂ ಕೊಳ್ಳಲಿ. ಅಗ್ಗದ ಯಂತ್ರಗಳ ಜೊತೆಗೆ ಇವು ಬರುತ್ತವೆಯೇ ಎಂದು ಕೊಳ್ಳುವ ಮುನ್ನ ಕೇಳಿಕೊಳ್ಳುವುದು ಲೇಸು. ಮುಂದೆಂದಾದರೂ ಯಂತ್ರವನ್ನೇ ಬದಲಿಸಿದರೆ 600 ದರ್ಜೆಯ ವಜ್ರದ ಚಕ್ರವೊಂದನ್ನು ನಾನೂ ಕೊಂಡೇನು.