ಜೈಂಟ್ಸ್ ಕಾಸ್‌ವೇಗೆ ಹೋದ್ರೆ ಬಸ್ ಹತ್ಬೇಡಿ, ಬೆಟ್ಟದ ಅಂಚಲ್ಲಿ ನಡ್ಕೊಂಡು ಹೋಗಿ

ಮಗಳು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಲ್ಲಿದಾಳೆ. ಜೈಂಟ್ಸ್ ಕಾಸ್‌ವೇ ಅಂದ್ರೆ ಅಲ್ಲಿನ ಸಮುದ್ರದ ದಡದಲ್ಲಿರೋ ಕಲ್ಲುಕಂಬಗಳ ಜಾಗ. ಹೋದ ಸಲ ಟೂರ್ ಬಸ್ಸೋರು ಇಲ್ಲಿಗೆ ಕರ್ಕೊಂಡು ಬಂದು ಒಂದೇ ಗಂಟೆ ಟೈಮ್ ಕೊಟ್ಟಿದ್ರು, ಫೋಟೋ ತೆಗೆಸ್ಕೊಂಡು ಓಡಿ ಬಂದಿದ್ದಷ್ಟೇ, ಅದು ಮನಸ್ಸಲ್ಲಿ ಕೊರೀತಾನೇ ಇತ್ತು. ಈ ಸಲ ಹಟ ಮಾಡಿ ಮಗಳ ಕಾರಲ್ಲೇ ಹೋದ್ವಿ. ಸುಮಾರು 100 ಕಿ.ಮೀ., ನಮ್ಮ ಮೈಸೂರಿಂದ ರಾಮನಗರದಷ್ಟು ದೂರ.

ಎಲ್ರೂ ಕೆಳಗಿನ ಟಾರ್ ರೋಡ್ ಹಿಡೀತಾರೆ. ನೀವು ಮೇಲೆ ಬೆಟ್ಟದ ಅಂಚಲ್ಲಿ ಹೋಗೋ ರೆಡ್ ಟ್ರೇಲ್ ಅನ್ನೋ ಕಾಲುದಾರಿ ಹಿಡೀರಿ. ಎಡಗಡೆ ಪೂರ್ತಿ ಸಮುದ್ರ, ಗಾಳಿ ಹೆಂಗೆ ಬೀಸುತ್ತೆ ಅಂದ್ರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜರ್ಕಿನ್ ಜಿಪ್ ಎಳ್ಕೊಂಡೇ ನಡೀಬೇಕು. ಆಮೇಲೆ ಶೆಪರ್ಡ್ಸ್ ಸ್ಟೆಪ್ಸ್ ಅಂತ 162 ಮೆಟ್ಲು ಇಳೀಬೇಕು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಲು ಹತ್ತಿದೋರಿಗೆ ಏನೂ ಅಲ್ಲ, ಆದ್ರೆ ಮಂಡಿನೋವಿರೋರು ಮಾತ್ರ ಕೆಳಗಿನ ರೋಡಲ್ಲೇ ಶಟಲ್ ಬಸ್ಸಲ್ಲಿ ಹೋಗಿ.

ಇಳಿದು ಬಲಕ್ಕೆ ತಿರುಗಿದ್ರೆ 'ಆರ್ಗನ್', ಗುಡ್ಡಕ್ಕೆ ಒರಗಿ ನಿಂತಿರೋ 12 ಮೀಟರ್ ಎತ್ತರದ ಕಲ್ಲಿನ ಕಂಬಗಳು. ಅಲ್ಲೇ ಬಂಡೆ ಮಧ್ಯೆ ಒಂದು ಕೆಂಪು ಪಟ್ಟಿ ಕಾಣುತ್ತೆ, ನಮ್ಮ ಹೊಲದ ಕೆಮ್ಮಣ್ಣೇ ಅನ್ನಿಸ್ತು ನಂಗೆ. ಒಂದು ಸಲ ಲಾವಾ ಹರಿದು ನಿಂತ ಮೇಲೆ ಎಷ್ಟೋ ಕಾಲ ಬಿಸಿಲು ಮಳೆಗೆ ಆ ಕಲ್ಲೇ ಕರಗಿ ಮಣ್ಣಾಗಿ, ಅದ್ರ ಮೇಲೆ ಮತ್ತೆ ಲಾವಾ ಹರಿದಿದ್ಯಂತೆ, ಎಲ್ಲಾ 6 ಕೋಟಿ ವರ್ಷದ ಹಿಂದಿನ ಮಾತು.

ಆಮೇಲೆ ವಾಪಸ್ ಬಂದು ಸಮುದ್ರದೊಳಕ್ಕೆ ಇಳಿದಿರೋ ಕಲ್ಲುಗಳ ಹತ್ರ ಹೋಗಿ. ಸುಮಾರು 40,000 ಕಂಬ, ಹೆಚ್ಚಿನವು ಆರು ಮೂಲೆ, ಐದು ಏಳು ಮೂಲೇದೂ ಇವೆ. ಬೇಸಿಗೇಲಿ ಕೆರೆ ಬತ್ತಿದಾಗ ಮಣ್ಣು ಬಿರಿಯುತ್ತಲ್ಲ, ಹಂಗೇ ಲಾವಾ ಆರ್ತಾ ಕುಗ್ಗಿ ಬಿರುಕು ಬಿಟ್ಟು ಆ ಬಿರುಕು ಆಳಕ್ಕಿಳಿದು ಆಗಿರೋದು. ಬಗ್ಗಿ ನೋಡಿ, ಕೆಲವು ಕಂಬದ ತಲೆ ಬಟ್ಟಲ ಥರ ತಗ್ಗಾಗಿದೆ, ಅದ್ರಲ್ಲಿ ಅಂಗೈಯಷ್ಟು ನೀರು ನಿಂತಿರುತ್ತೆ, ಪಕ್ಕದ್ದು ಉಬ್ಬಿರುತ್ತೆ. ನಾನು ಅರ್ಧ ಗಂಟೆ ಅಲ್ಲೇ ಕೂತ್ಬಿಟ್ಟೆ.

ನೀರಿನ ಅಂಚಿನ ಕಪ್ಪು ಕಲ್ಲು ಮಾತ್ರ ಭಾರೀ ಜಾರುತ್ತೆ, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ವಿಸಿಟರ್ ಸೆಂಟರ್‌ಗೆ, ಪಾರ್ಕಿಂಗ್‌ಗೆ ದುಡ್ಡಿದೆ, ಬರೀ ನಡ್ಕೊಂಡು ಹೋಗಿ ಕಲ್ಲು ನೋಡೋದಕ್ಕೆ ಕಾಸಿಲ್ಲ. ನಾವು ಪುಳಿಯೋಗರೆ ಕಟ್ಕೊಂಡು ಹೋಗಿದ್ವಿ, ಮೇಲಿನ ಹುಲ್ಲಲ್ಲಿ ಕೂತು ತಿಂದ್ವಿ. ಮಕ್ಕಳನ್ನ ನೋಡೋಕೆ ಆ ಕಡೆ ಹೋಗೋರು ಒಂದು ಪೂರ್ತಿ ದಿನ ಇದಕ್ಕೇ ಇಟ್ಕೊಳ್ಳಿ.