‘ಬಿಡಿ, ಒಳಗಿರೋದೆಲ್ಲ ಹೊರಗೆ ಬರಲಿ’ ಎನ್ನುವ ಯೋಗ ತರಗತಿಗೆ ಹೋಗಬೇಡಿ

ಹೊರಗೆ ‘ಟ್ರಾಮಾ ಯೋಗ’, ಅಂದರೆ ಮನಸ್ಸಿಗೆ ದೊಡ್ಡ ಆಘಾತವಾದವರಿಗೆಂದೇ ಕಲಿಸುವ ಯೋಗ, ಅಂತ ಬೋರ್ಡು ಹಾಕಿ ಒಳಗೆ ಮಾಮೂಲಿ ತರಗತಿ ನಡೆಸುವವರಿದ್ದಾರೆ. ಅಲ್ಲಿ ಎಡವಟ್ಟಾಗುವ ಬಗೆ ಹೆಚ್ಚುಕಡಿಮೆ ಒಂದೇ. ಮೊದಲು ಹತ್ತು ನಿಮಿಷ ಭಸ್ತ್ರಿಕಾ, ಕಪಾಲಭಾತಿ ಎಂಬ ರಭಸದ ಉಸಿರಾಟಗಳು. ಆಮೇಲೆ ದೀಪ ಆರಿಸಿ, ಕಣ್ಣು ಮುಚ್ಚಿಸಿ ಶವಾಸನ. ಮಲಗಿದವರ ಬೆರಳು ಜುಮ್ಮೆನ್ನುತ್ತಿರುತ್ತದೆ, ಎದೆ ಡವಗುಟ್ಟುತ್ತಿರುತ್ತದೆ. ಅಷ್ಟರಲ್ಲಿ ಶಿಕ್ಷಕರು ಸದ್ದಿಲ್ಲದೆ ಬಂದು ಭುಜ ಒತ್ತುತ್ತಾರೆ. ಹಿಂದೆ ದೌರ್ಜನ್ಯ ಅನುಭವಿಸಿದವರಿಗೆ ಆ ಕತ್ತಲಲ್ಲಿ ಆ ಕೈ ಯಾರದೆಂದು ಹೊಳೆಯುವುದಿಲ್ಲ. ಮೈ ನಡುಗಿ ಅಳು ಒತ್ತರಿಸಿದರೆ ಶಿಕ್ಷಕರಿಂದ ಬರುವ ಮಾತು: ‘ಬಿಡಿ, ಒಳಗಿರೋದೆಲ್ಲ ಹೊರಗೆ ಬರಲಿ’. ಹೊರಗೆ ಬರುವುದೇನೂ ಇಲ್ಲ. ಹಳೆಯ ಘಟನೆ ಈಗಲೇ ನಡೆಯುತ್ತಿದೆ ಅನ್ನುವಂತೆ ದೇಹ ವರ್ತಿಸುತ್ತಿದೆ, ಅಷ್ಟೆ. ಅದನ್ನು ಅಲ್ಲೇ ನಿಲ್ಲಿಸದಿದ್ದರೆ ನಿದ್ದೆ ಕೆಡಬಹುದು, ಕೆಟ್ಟ ಕನಸುಗಳು ಮರಳಬಹುದು.

ಉಸಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲಿದಂತಾಗುತ್ತದೆ, ತುಟಿ–ಬೆರಳು ಜೋಮು ಹಿಡಿಯುತ್ತವೆ. ಪ್ಯಾನಿಕ್ ಅಟ್ಯಾಕ್‌ನಲ್ಲೂ ಆಗುವುದು ಇದೇ. ಹಾಗಾಗಿ ಭಸ್ತ್ರಿಕಾ, ಕಪಾಲಭಾತಿ ಎರಡೂ ಬೇಡ, ಉಸಿರು ಹಿಡಿದಿಡುವ ಕುಂಭಕವೂ ಬೇಡ. ಕೆಲವರಿಗಂತೂ ಉಸಿರಿನ ಕಡೆ ಗಮನ ಹರಿಸುವುದೇ ದಿಗಿಲು. ಅಂಥವರು ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿದರೆ ಸಾಕು.

ಯೋಗವೇ ಬೇಡ ಅಂತಲ್ಲ. ಚಿಕಿತ್ಸೆಗೆ ಜಗ್ಗದ ಪಿಟಿಎಸ್‌ಡಿ (ಆಘಾತದ ನಂತರವೂ ಕಾಡುವ ಮಾನಸಿಕ ಕಾಯಿಲೆ) ಇದ್ದ 64 ಮಹಿಳೆಯರ ಮೇಲೆ ಮನೋವೈದ್ಯ ಬೆಸೆಲ್ ವ್ಯಾನ್ ಡೆರ್ ಕೋಲ್ಕ್ ತಂಡ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಾರಕ್ಕೊಂದು ಗಂಟೆ, 10 ವಾರ. ಕೊನೆಯಲ್ಲಿ ಯೋಗ ಮಾಡಿದ 31 ಮಂದಿಯಲ್ಲಿ 16 ಮಂದಿ ಪಿಟಿಎಸ್‌ಡಿಯ ಮಾನದಂಡದಿಂದ ಹೊರಗೆ ಬಂದಿದ್ದರು. ಬರೀ ಆರೋಗ್ಯ ಪಾಠ ಕೇಳಿದ 29ರಲ್ಲಿ 6. ಆದರೆ ಅಲ್ಲಿ ಯೋಗವನ್ನು ಕೊಟ್ಟದ್ದು ಚಿಕಿತ್ಸೆಗೆ ಜೊತೆಯಾಗಿ, ಬದಲಾಗಿ ಅಲ್ಲ.

ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಮೈ ಮುಟ್ಟಿ ಆಸನ ತಿದ್ದುತ್ತೀರಾ?’ ‘ಇಲ್ಲ’ ಅನ್ನುವ ಉತ್ತರ ಮಾತ್ರ ಸರಿ. ‘ಬೇಡ ಅಂದ್ರೆ ಮುಟ್ಟಲ್ಲ’ ಅನ್ನುವುದು ಸಾಲದು. ಹೆದರಿ ಮರಗಟ್ಟಿದವರ ಬಾಯಿಂದ ‘ಬೇಡ’ ಹೊರಡುವುದಿಲ್ಲ. ಬಾಗಿಲು ಕಾಣುವಂತೆ, ಬೆನ್ನ ಹಿಂದೆ ಗೋಡೆ ಇರುವಂತೆ ಚಾಪೆ ಹಾಸಿಕೊಳ್ಳಿ. ಶವಾಸನದ ಬದಲು ಕಣ್ಣು ತೆರೆದು ಕೂತರೂ ನಡೆಯುತ್ತದೆ. ಕಾಲಗಲಿಸಿ ಮಲಗುವ ಆನಂದ ಬಾಲಾಸನದಂಥವು ಶುರುವಿನಲ್ಲೇ ಬೇಡ.

ಮಧ್ಯದಲ್ಲಿ ದಿಗಿಲು ಶುರುವಾದರೆ ಆಸನ ಬಿಟ್ಟು ಎದ್ದು ಕೂರಿ. ಅಂಗೈಗಳಿಂದ ಗೋಡೆ ಒತ್ತಿ, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳಿ. ಬೇಕೆನಿಸಿದರೆ ಹೊರನಡೆಯಿರಿ, ಯಾರಿಗೂ ಕಾರಣ ಕೊಡಬೇಕಿಲ್ಲ. ಪಕ್ಕದವರು ಕಣ್ಣು ನೆಟ್ಟು ಕಲ್ಲಾಗಿದ್ದರೆ ಅಲುಗಾಡಿಸಬೇಡಿ. ಹೆಸರು ಹಿಡಿದು ಕರೆದು, ಎಲ್ಲಿದ್ದಾರೆ ಅಂತ ಮೆಲ್ಲಗೆ ಹೇಳಿ.

ಇನ್ನು ‘ಮಾತ್ರೆ ಬಿಡಿ, ಯೋಗ ಸಾಕು’ ಎನ್ನುವವರು. ಖಿನ್ನತೆಯ ಮಾತ್ರೆ ದಿಢೀರನೆ ಬಿಟ್ಟಾಗ ತಲೆಸುತ್ತು, ತಲೆಯಲ್ಲಿ ಕರೆಂಟು ಹೊಡೆದಂಥ ಅನುಭವ ಆಗಬಹುದು. ಅದಕ್ಕೂ ಇವರ ಹತ್ತಿರ ಹೆಸರಿದೆ: ‘ಶುದ್ಧೀಕರಣ’. ಆಗ ಫೋನ್ ಮಾಡಬೇಕಾದ್ದು ಮಾತ್ರೆ ಬರೆದ ವೈದ್ಯರಿಗೆ.